ದಶಮಾಂಶವನ್ನು ಎಷ್ಟು ಕಾಲ ಕೂಡಿಡಬಹುದು?

ಚರ್ಚಿಗೆ ಬಂದ ದಶಮಾಂಶವನ್ನು ಎಲ್ಲಾದರೂ ತೊಡಗಿಸಿ ಬೆಳೆಸಬೇಕೆ, ಇಲ್ಲ ಬಂದ ಹಾಗೆ ಸೇವೆಗೆ ಖರ್ಚು ಮಾಡಬೇಕೆ? ಸಣ್ಣ ಊರಿನ ಚರ್ಚು ವರ್ಷದ ಲೆಕ್ಕ ಒಪ್ಪಿಸುವಾಗಲೂ ಈ ಪ್ರಶ್ನೆ ಏಳುತ್ತದೆ, ಲಕ್ಷಾಂತರ ಸದಸ್ಯರಿರುವ ಪಂಗಡಗಳಲ್ಲೂ ಏಳುತ್ತದೆ. ನಾಳೆಗೆಂದು ಎತ್ತಿಡುವುದು ಹೊಣೆಗಾರಿಕೆ ಎಂದು ಕೆಲವರು ವಾದಿಸುತ್ತಾರೆ. ಹಸಿದವರು ಎದುರಿಗಿರುವಾಗ ಎತ್ತಿಡುವುದು ಅಪನಂಬಿಕೆ ಎಂದು ಇನ್ನು ಕೆಲವರು ತಿರುಗಿ ಕೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಆದ್ದರಿಂದ ಬರೀ ತತ್ವದ ಮಟ್ಟದಲ್ಲಿ ಚರ್ಚಿಸಿದರೆ ಇದು ಬಗೆಹರಿಯುವುದಿಲ್ಲ. ಕೂಡಿಡುವ ದಾರಿಯಲ್ಲಿ ಬಹುದೂರ ನಡೆದ ಒಂದು ಸಭೆಯ ಕಥೆಯನ್ನು ಮೊದಲು ನೋಡೋಣ.

2019ರ ಡಿಸೆಂಬರ್‌ನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಮೋರ್ಮನ್ ಸಭೆ ಎಂದು ಜನ ಕರೆಯುವ, ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಲ್ಯಾಟರ್ ಡೇ ಸೇಂಟ್ಸ್ ಸಭೆ 'ಎನ್‌ಸೈನ್ ಪೀಕ್ ಅಡ್ವೈಸರ್ಸ್' ಎಂಬ ತನ್ನದೇ ಹೂಡಿಕೆ ಸಂಸ್ಥೆಯಲ್ಲಿ ಸುಮಾರು 10,000 ಕೋಟಿ ಡಾಲರ್ ಕೂಡಿಟ್ಟಿದೆ ಎಂದು ಆ ಸಂಸ್ಥೆಯ ಮಾಜಿ ಉದ್ಯೋಗಿಯೊಬ್ಬರು ತೆರಿಗೆ ಇಲಾಖೆಗೆ ದೂರು ಕೊಟ್ಟಿದ್ದರು. ಈ ಸಭೆಯಲ್ಲಿ ಸದಸ್ಯರು ಆದಾಯದ ಹತ್ತನೆಯ ಒಂದು ಭಾಗ ಕೊಡುವುದು ಬರೀ ವಾಡಿಕೆಯಲ್ಲ. ಪೂರ್ತಿ ದಶಮಾಂಶ ಕೊಡದವರಿಗೆ ಅವರ ಪವಿತ್ರ ದೇವಾಲಯಗಳೊಳಗೆ ಪ್ರವೇಶದ ಅನುಮತಿ ಸಿಗುವುದಿಲ್ಲ. ಹಾಗೆ ಬಂದ ಹಣದಲ್ಲಿ ವರ್ಷವರ್ಷವೂ ಉಳಿದದ್ದು ಷೇರುಪೇಟೆಗೆ ಹೋಗಿ ಬೆಳೆದಿತ್ತು. ಸದಸ್ಯರಿಗೆ ಇದರ ಗಾತ್ರ ಗೊತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಇನ್ನೊಂದು ಸಂಗತಿಯನ್ನು ಹೊರಗಿಟ್ಟಿತು. ಷೇರು ಹೂಡಿಕೆಯ ಗಾತ್ರ ಜಗತ್ತಿಗೆ ತಿಳಿಯದಿರಲೆಂದು 13 ಕಾಗದದ ಕಂಪನಿಗಳ ಹೆಸರಿನಲ್ಲಿ ವರದಿ ಸಲ್ಲಿಸಲಾಗಿತ್ತು. ಆ ಹೂಡಿಕೆ 2018ರ ಹೊತ್ತಿಗೆ ಸುಮಾರು 3,200 ಕೋಟಿ ಡಾಲರ್ ಮುಟ್ಟಿತ್ತು. ಹೂಡಿಕೆ ಸಂಸ್ಥೆ 40 ಲಕ್ಷ, ಸಭೆ 10 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿದವು.

ಇಷ್ಟನ್ನೇ ಹೇಳಿ ತೀರ್ಪು ಕೊಟ್ಟರೆ ಅನ್ಯಾಯವಾದೀತು. ಆ ಸಭೆ ಕೂಡಿಡಲು ಕಲಿತದ್ದು ಕಷ್ಟದಿಂದ. 1887ರಲ್ಲಿ ಅಮೆರಿಕದ ಸಂಸತ್ತು ಬಹುಪತ್ನಿತ್ವದ ಕಾರಣಕ್ಕೆ ಕಾಯ್ದೆ ತಂದು ಅದರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಸಾಲ ಬೆಳೆಯಿತು. 1899ರಲ್ಲಿ ಅದರ ಅಧ್ಯಕ್ಷ ಲೊರೆನ್ಜೊ ಸ್ನೋ ಬರದಿಂದ ಬಳಲುತ್ತಿದ್ದ ದಕ್ಷಿಣ ಯೂಟಾಕ್ಕೆ ಹೋಗಿ, ದಶಮಾಂಶವನ್ನು ನಿಷ್ಠೆಯಿಂದ ಕೊಡಿ ಎಂದು ಜನರನ್ನು ಕೇಳಿಕೊಂಡರು. ಬಡ ರೈತರು ಕೊಟ್ಟರು. 1907ರಲ್ಲಿ ಸಭೆ ಸಾಲಮುಕ್ತವಾಯಿತೆಂದು ಘೋಷಣೆಯಾಯಿತು. 1960ರ ದಶಕದ ಆರಂಭದಲ್ಲಿ ಎಲ್ಲೆಡೆ ಕಟ್ಟಡ ಕಟ್ಟುವ ಹುಮ್ಮಸ್ಸಿನಲ್ಲಿ ಖರ್ಚು ಮತ್ತೆ ವರಮಾನವನ್ನು ಮೀರಿತು. ಆಮೇಲೆ ಬಂದ ಆಡಳಿತಗಾರರು ಪ್ರತಿ ವರ್ಷ ಒಂದಿಷ್ಟು ಉಳಿಸಲೇಬೇಕೆಂಬ ಶಿಸ್ತನ್ನು ತಂದರು. ಇದರಲ್ಲಿ ತಪ್ಪೇನೂ ಇಲ್ಲ. ಸಾಲದಲ್ಲಿ ಮುಳುಗಿದ ಸಭೆ ಯಾರಿಗೂ ಸೇವೆ ಮಾಡಲಾರದು. ಪ್ರಶ್ನೆ ಇರುವುದು ಆ ಶಿಸ್ತು ಎಲ್ಲಿಗೆ ನಿಲ್ಲಬೇಕಿತ್ತು ಎಂಬುದರಲ್ಲಿ. ಸಾಲ ತೀರಿದ ಮೇಲೆ, ಹತ್ತು ವರ್ಷದ ಖರ್ಚಿಗಾಗುವಷ್ಟು ಉಳಿದ ಮೇಲೆ, ಇನ್ನೂ ಉಳಿಸುತ್ತಲೇ ಹೋಗುವುದಕ್ಕೆ ಏನು ಕಾರಣ ಕೊಡಬಹುದು?

ಕೂಡಿಡುವವರು ಸಾಮಾನ್ಯವಾಗಿ ಬೈಬಲ್ಲಿನ ಎರಡು ಕಥೆಗಳನ್ನು ಮುಂದಿಡುತ್ತಾರೆ. ಮೊದಲನೆಯದು ಮತ್ತಾಯನ ಸುವಾರ್ತೆಯ ತಲಾಂತುಗಳ ಸಾಮ್ಯ. ದಣಿ ಕೊಟ್ಟ ಹಣವನ್ನು ಬೆಳೆಸಿದ ಆಳು ಹೊಗಳಿಕೆ ಪಡೆದ, ಹೂತಿಟ್ಟವನು ಬೈಗುಳ ತಿಂದ. ಆದರೆ ಅದೇ ಅಧ್ಯಾಯದಲ್ಲಿ ಅದರ ಬೆನ್ನಿಗೇ ಬರುವ ದೃಶ್ಯ ಅಂತ್ಯತೀರ್ಪಿನದು. ಅಲ್ಲಿ ಕೇಳುವ ಲೆಕ್ಕ ಹಸಿದವರಿಗೆ ಊಟ ಕೊಟ್ಟಿರಾ, ಬೆತ್ತಲೆ ಇದ್ದವರಿಗೆ ಬಟ್ಟೆ ಕೊಟ್ಟಿರಾ, ಸೆರೆಯಲ್ಲಿದ್ದವರನ್ನು ನೋಡಲು ಹೋದಿರಾ ಎಂಬುದು. ಎರಡನ್ನೂ ಕೂಡಿಸಿ ಓದಿದರೆ ಹಣ ದುಡಿಯಬೇಕಾದ್ದು ಯಾರಿಗಾಗಿ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಎರಡನೆಯದು ಯೋಸೇಫನ ಕಥೆ. ಸಮೃದ್ಧಿಯ ಏಳು ವರ್ಷ ಐಗುಪ್ತದ ಬೆಳೆಯಲ್ಲಿ ಐದನೆಯ ಒಂದು ಭಾಗವನ್ನು ಕಣಜಗಳಲ್ಲಿ ತುಂಬಿಸಿ, ಬರಗಾಲದ ಏಳು ವರ್ಷ ದೇಶವನ್ನು ಉಳಿಸಿದ ದೂರದೃಷ್ಟಿಯ ಆಡಳಿತಗಾರ ಅವನು. ಹೂಡಿಕೆಯ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಆದರೆ ಇದನ್ನು ಉದಾಹರಿಸುವವರು ಆದಿಕಾಂಡದ 41ನೆಯ ಅಧ್ಯಾಯಕ್ಕೇ ನಿಲ್ಲಿಸಿಬಿಡುತ್ತಾರೆ. ಎರಡು ಸಂಗತಿಗಳನ್ನು ಅವರು ಗಮನಿಸಬೇಕು. ಯೋಸೇಫನ ಕಣಜಕ್ಕೆ ಅಳತೆಯಿತ್ತು, ಅವಧಿಯಿತ್ತು. ಇಷ್ಟು ಭಾಗ, ಇಷ್ಟು ವರ್ಷ, ಇಂಥ ಕಷ್ಟಕ್ಕೆ ಎಂದು ಮೊದಲೇ ನಿರ್ಧಾರವಾಗಿತ್ತು. ಬರ ಬಂದಾಗ ಬಾಗಿಲು ತೆರೆಯಿತು. ಇದು ಮೊದಲನೆಯದು. 47ನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ಹಸಿದ ಜನ ಕಾಳು ಕೊಳ್ಳಲು ಮೊದಲು ತಮ್ಮ ಹಣ ಕೊಟ್ಟರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಕಣಜ ಜನರ ಜೀವ ಉಳಿಸಿತು, ಜೊತೆಗೆ ಜನರನ್ನು ಕಣಜದ ಒಡೆಯನ ಆಳುಗಳನ್ನಾಗಿ ಮಾಡಿತು. ಕೂಡಿಟ್ಟ ಸಂಪತ್ತು ಅಧಿಕಾರವಾಗಿ ತಿರುಗುವ ಬಗೆಯನ್ನು ಬೈಬಲ್ ಇಲ್ಲಿ ಮುಚ್ಚಿಡದೆ ತೋರಿಸಿದೆ.

ದಶಮಾಂಶದ ನಿಯಮವಾದರೂ ಏನು ಹೇಳುತ್ತದೆ? ಚರ್ಚುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮಲಾಕಿಯ ಮಾತು, ಭಂಡಾರಕ್ಕೆ ದಶಮಾಂಶ ತನ್ನಿ ಎಂಬ ಕರೆ. ಭಂಡಾರಕ್ಕೆ ಯಾಕೆ ತರಬೇಕೆಂಬುದನ್ನೂ ಅದೇ ವಾಕ್ಯ ಹೇಳುತ್ತದೆ. ದೇವರ ಆಲಯದಲ್ಲಿ ಆಹಾರ ಇರಬೇಕು. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ಇನ್ನೂ ಖಚಿತ. ಪ್ರತಿ ಮೂರನೆಯ ವರ್ಷದ ದಶಮಾಂಶವನ್ನು ಊರಿನಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಉಂಡು ತೃಪ್ತರಾಗುವಂತೆ ಮಾಡಬೇಕು. ಬೆಳೆಯನ್ನು ಹಣಕ್ಕೆ ಬದಲಾಯಿಸಲು ಅಲ್ಲಿ ಒಪ್ಪಿಗೆಯುಂಟು, ಆದರೆ ಒಂದೇ ಕಾರಣಕ್ಕೆ. ಆರಾಧನೆಯ ಸ್ಥಳ ದೂರವಿದ್ದು ಹೊರೆ ಹೊತ್ತು ಹೋಗಲಾಗದಿದ್ದರೆ ಮಾರಿ ಹಣ ಒಯ್ಯಬಹುದು. ತಲುಪಿದ ಮೇಲೆ ಅದೇ ಹಣದಿಂದ ಬೇಕಾದದ್ದನ್ನು ಕೊಂಡು ಮನೆಮಂದಿ, ಲೇವಿಯರು ಎಲ್ಲರೂ ಕೂಡಿ ಉಣ್ಣಬೇಕು. ಹಣದ ರೂಪ ದಾರಿಯಲ್ಲಿರುವಷ್ಟು ಹೊತ್ತಿಗೆ ಮಾತ್ರ.

ಇದರಿಂದ ನಾನು ತಲುಪುವ ನಿಲುವು ಇಷ್ಟು: ದಶಮಾಂಶವನ್ನು ಕೂಡಿಡುವುದು ಪಾಪವಲ್ಲ, ಕೊನೆಯಿಲ್ಲದೆ ಕೂಡಿಡುವುದು ತಪ್ಪು. ಯಾವ ಉದ್ದೇಶಕ್ಕೆ, ಎಷ್ಟು ಮೊತ್ತ, ಎಷ್ಟು ಕಾಲ ಎಂಬ ಮೂರಕ್ಕೂ ಉತ್ತರ ಇರುವ ಉಳಿತಾಯ ಸೇವೆಯ ಭಾಗವೇ. ಉತ್ತರವಿಲ್ಲದ ಉಳಿತಾಯ, ಎಷ್ಟೇ ಜಾಣತನದಿಂದ ಬೆಳೆಸಿದರೂ, ಕೊಟ್ಟವರ ಮನಸ್ಸಿನಿಂದ ದೂರವಾದ ಹಣ.

ಕೊಟ್ಟವರ ಮನಸ್ಸಿನ ಪ್ರಶ್ನೆ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. ಸಾಲ್ಟ್ ಲೇಕ್ ಸಿಟಿಯ ನಡುಮಧ್ಯೆ 2012ರಲ್ಲಿ 'ಸಿಟಿ ಕ್ರೀಕ್' ಎಂಬ ಭವ್ಯ ಮಾಲ್ ತೆರೆಯಿತು. ಅದಕ್ಕೆ ಹೂಡಿಕೆ ನಿಧಿಯ ಆದಾಯದಿಂದ ಸುಮಾರು 140 ಕೋಟಿ ಡಾಲರ್ ಹೋಗಿತ್ತು. ದಶಮಾಂಶದ ಹಣ ಬಳಸುವುದಿಲ್ಲ ಎಂದು ಸಭೆಯ ಮುಖ್ಯಸ್ಥರು 2003ರಲ್ಲೇ ಹೇಳಿದ್ದರು. ಕಾಯ್ದಿರಿಸಿದ ನಿಧಿಯನ್ನು ತೊಡಗಿಸಿ ಬಂದ ಗಳಿಕೆಯನ್ನು ಬಳಸುತ್ತೇವೆ ಎಂದೂ ಅವರು ತಿಳಿಸಿದ್ದರು. ಲಕ್ಷಾಂತರ ಡಾಲರ್ ದಶಮಾಂಶ ಕೊಟ್ಟಿದ್ದ ಜೇಮ್ಸ್ ಹಂಟ್ಸ್‌ಮನ್ ಎಂಬ ಮಾಜಿ ಸದಸ್ಯರು ಇದು ವಂಚನೆ ಎಂದು 2021ರಲ್ಲಿ ಮೊಕದ್ದಮೆ ಹೂಡಿದರು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ ಸಭೆಯ ಪರ ತೀರ್ಪು ಕೊಟ್ಟಿತು. ಸಭೆ ಸುಳ್ಳು ಹೇಳಿಲ್ಲ ಎಂಬುದು ಅದರ ಅಭಿಪ್ರಾಯ.

ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಧರ್ಮದ ದೃಷ್ಟಿಯಿಂದ ಅದು ಸಾಲದು. ಅಸಲು ಬೇರೆ, ಬಡ್ಡಿ ಬೇರೆ ಎಂಬ ಗೆರೆ ಲೆಕ್ಕದ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮಕ್ಕಳ ಫೀಜಿಗೂ ಕಷ್ಟಪಡುತ್ತಿರುವ ಕುಟುಂಬ ಸಂಬಳದಲ್ಲಿ ಹತ್ತನೆಯ ಭಾಗ ತೆಗೆದಿಡುವಾಗ, ಅದರ ಬಡ್ಡಿ ಮಾಲ್ ಕಟ್ಟಲು ಹೋಗಲಿ ಎಂದು ಬಯಸಿರುತ್ತದೆಯೆ? ದಶಮಾಂಶಕ್ಕೆ ಒಂದು ಉದ್ದೇಶ ಅಂಟಿಕೊಂಡೇ ಬರುತ್ತದೆ. ಹಣ ಬೆಳೆದು ಇಮ್ಮಡಿಯಾದರೂ ಆ ಉದ್ದೇಶ ಕಳಚಿ ಬೀಳುವುದಿಲ್ಲ. ಬೀಜ ಯಾರದ್ದೋ ಬೆಳೆಯೂ ಅವರದ್ದೇ.

ಇನ್ನೂ ಆಳದ ಅಪಾಯ ಒಂದಿದೆ. ಹೂಡಿಕೆಯ ವಿರೋಧಿಗಳು ಸಾಮಾನ್ಯವಾಗಿ ನಷ್ಟದ ಭಯ ತೋರಿಸುತ್ತಾರೆ. ನನಗೆ ಹೆಚ್ಚು ಆತಂಕ ತರುವುದು ಹೂಡಿಕೆಯ ಯಶಸ್ಸು. ಎನ್‌ಸೈನ್ ಪೀಕ್‌ನ ಆಗಿನ ಮುಖ್ಯಸ್ಥ ರೋಜರ್ ಕ್ಲಾರ್ಕ್ 2020ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯೊಂದಿಗೆ ಮಾತಾಡುತ್ತ ಗೋಪ್ಯತೆಯ ಹಿಂದಿನ ಯೋಚನೆಯನ್ನು ವಿವರಿಸಿದರು. ದಶಮಾಂಶ ಕೊಡುವುದು ಸಭೆಗೆ ಹಣ ಬೇಕಾಗಿರುವುದಕ್ಕಿಂತ ಹೆಚ್ಚಾಗಿ ಭಕ್ತರ ನಿಷ್ಠೆಯ ವಿಷಯ, ಜನ ಕೊಡಬೇಕಾಗಿಲ್ಲ ಎಂದುಕೊಳ್ಳುವ ಸ್ಥಿತಿ ಬರಬಾರದೆಂಬ ಕಾಳಜಿ ಇತ್ತು ಎಂಬ ಅರ್ಥದ ಮಾತು ಅವರದು. ಕೊಡುವುದು ಕೊಡುವವರ ಆತ್ಮಕ್ಕೆ ಒಳ್ಳೆಯದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕೊಡುವವರಿಗೆ ನಿಜ ಸಂಗತಿ ತಿಳಿದರೆ ಕೊಡಲಾರರು ಎಂಬ ಅಂಜಿಕೆಯ ಮೇಲೆ ಆ ಒಳ್ಳೆಯದನ್ನು ನಿಲ್ಲಿಸಲಾಗದು.

ಭಕ್ತರ ಕಾಣಿಕೆಯಿಂದಲೇ ನಡೆಯುವ ಚರ್ಚು ಭಕ್ತರಿಗೆ ಉತ್ತರ ಹೇಳಲೇಬೇಕು. ಸಭಾಪಾಲಕರು ಮನೆ ಮನೆಗೆ ಹೋಗಬೇಕು, ಕಮಿಟಿಯವರು ಲೆಕ್ಕ ಓದಬೇಕು, ತಪ್ಪಾದರೆ ಕಾಣಿಕೆ ಕಡಿಮೆಯಾಗಿ ಎಚ್ಚರಿಸುತ್ತದೆ. ಈ ಪರಸ್ಪರ ಅವಲಂಬನೆಯಲ್ಲಿ ಕಿರಿಕಿರಿಯಿದೆ, ಅನಿಶ್ಚಯವಿದೆ. ಆದರೂ ಅದೇ ಸಭೆಯನ್ನು ಸಭೆಯಾಗಿ ಇಟ್ಟಿರುವ ಕಟ್ಟು. ಬಡ್ಡಿಯಿಂದಲೇ ಎಲ್ಲ ಖರ್ಚು ತೂಗುವ ದಿನ ಬಂದರೆ ಚರ್ಚಿಗೆ ತನ್ನ ಜನ ಬೇಕಾಗುವುದಿಲ್ಲ. ಜನ ಬರದಿದ್ದರೂ ಅದು ನಡೆದೀತು. ಜನರು ಕೇಳುವ ಪ್ರಶ್ನೆಗೆ ಉತ್ತರ ಹೇಳದೆಯೂ ನಡೆದೀತು. ನಷ್ಟವಾದರೆ ಹಣ ಹೋಗುತ್ತದೆ. ಇಂಥ ಲಾಭವಾದರೆ ಹೋಗುವುದು ಸಭೆ.

ಇದಕ್ಕೆ ಗಂಭೀರ ಪ್ರತಿವಾದವೊಂದು ಇಂಗ್ಲೆಂಡಿನಿಂದ ಬರುತ್ತದೆ. ಅಲ್ಲಿನ ಆಂಗ್ಲಿಕನ್ ಚರ್ಚಿನ ಬಳಿ 1,000 ಕೋಟಿ ಪೌಂಡಿಗೂ ಮೀರಿದ ಮೂಲನಿಧಿ ಇದೆ. ಇದರ ಒಂದು ಬೇರು 1704ರಲ್ಲಿ ಬಡ ಪಾದ್ರಿಗಳ ನೆರವಿಗೆಂದು ಹುಟ್ಟಿದ 'ಕ್ವೀನ್ ಆನ್ಸ್ ಬೌಂಟಿ' ನಿಧಿಯಲ್ಲಿದೆ. 1948ರಿಂದ ಚರ್ಚ್ ಕಮಿಷನರ್ಸ್ ಎಂಬ ಮಂಡಳಿ ಇದನ್ನು ನೋಡಿಕೊಳ್ಳುತ್ತಿದೆ. ಪಾದ್ರಿಗೆ ಸಂಬಳ ಕೊಡಲಾರದ ಬಡ ಬಡಾವಣೆಗಳಲ್ಲಿ ಚರ್ಚಿನ ಬಾಗಿಲು ತೆರೆದಿರಲು ಈ ನಿಧಿ ನೆರವಾಗುತ್ತದೆ. ಕಾಣಿಕೆಯನ್ನೇ ನೆಚ್ಚಿದರೆ ಶ್ರೀಮಂತ ಬಡಾವಣೆಯಲ್ಲಿ ಮಾತ್ರ ಸೇವೆ ಉಳಿದೀತು ಎಂಬ ವಾದ ಇಲ್ಲಿ ಬಲ ಪಡೆಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಕೊಡಲಾರದವರ ನಡುವೆಯೂ ಸೇವೆ ನಡೆಯಬೇಕಾದರೆ ಎಲ್ಲೋ ಒಂದು ಕಡೆ ಹಣ ಇರಬೇಕು.

ಆದರೆ ಆ ನಿಧಿಯ ಚರಿತ್ರೆಯೇ ಎಚ್ಚರಿಕೆಯನ್ನೂ ಕೊಡುತ್ತದೆ. 1980ರ ದಶಕದ ಕೊನೆಯಲ್ಲಿ ಕಮಿಷನರ್ಸ್ ಸಾಲ ತೆಗೆದು ರಿಯಲ್ ಎಸ್ಟೇಟಿನಲ್ಲಿ ಹಣ ಹಾಕಿದರು. ಮಾರುಕಟ್ಟೆ ಕುಸಿದಾಗ ನಿಧಿಯ ಮೌಲ್ಯ ಸುಮಾರು 80 ಕೋಟಿ ಪೌಂಡ್ ಇಳಿಯಿತು. ಆ ಹೊಡೆತ ಬಿದ್ದದ್ದು ಸ್ಥಳೀಯ ಸಭೆಗಳ ಮೇಲೆ. 1998ರಿಂದಾಚೆಯ ಸೇವಾವಧಿಗೆ ಪಾದ್ರಿಗಳ ಪಿಂಚಣಿ ಹೊರೆ ಅವುಗಳಿಗೇ ವರ್ಗವಾಯಿತು. 2013ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಬಡವರಿಂದ ಮಿತಿಮೀರಿದ ಬಡ್ಡಿ ವಸೂಲು ಮಾಡುತ್ತಿದ್ದ ವೊಂಗಾ ಎಂಬ ಸಾಲದ ಕಂಪನಿಯ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಅದರ ಬೆನ್ನಲ್ಲೇ ಚರ್ಚಿನ ಹಣವೂ ಬಳಸುದಾರಿಯಲ್ಲಿ ಅದೇ ಕಂಪನಿಯಲ್ಲಿದೆ ಎಂಬುದು ಬಯಲಾಯಿತು. ಆರ್ಚ್‌ಬಿಷಪ್ಪರಿಗೇ ಅದು ಗೊತ್ತಿರಲಿಲ್ಲ. ಇನ್ನೂ ನೋವಿನ ಸಂಗತಿ, ಬಡ ಪಾದ್ರಿಗಳಿಗಾಗಿ ಹುಟ್ಟಿದ ಕ್ವೀನ್ ಆನ್ಸ್ ಬೌಂಟಿ 18ನೆಯ ಶತಮಾನದಲ್ಲಿ ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಮಾರುತ್ತಿದ್ದ ಸೌತ್ ಸೀ ಕಂಪನಿಯಲ್ಲಿ ಹಣ ತೊಡಗಿಸಿತ್ತು. ಚರ್ಚೇ ತನಿಖೆ ಮಾಡಿಸಿ ಇದನ್ನು ಒಪ್ಪಿಕೊಂಡು, ಪರಿಹಾರದ ಕೆಲಸಗಳಿಗೆಂದು 10 ಕೋಟಿ ಪೌಂಡ್ ಮೀಸಲಿಡುವುದಾಗಿ 2023ರಲ್ಲಿ ಪ್ರಕಟಿಸಿತು. ಹಣ ಎಲ್ಲಿ ದುಡಿಯುತ್ತದೋ ಅಲ್ಲಿನ ಪಾಪದಲ್ಲೂ ಅದಕ್ಕೆ ಪಾಲುಂಟು. ಕೈ ಬದಲಾಯಿಸುತ್ತ ಹಣ ದೂರ ಹೋದಷ್ಟೂ ಅದನ್ನು ಗುರುತಿಸುವುದು ಕಷ್ಟವಾಗುತ್ತದೆ.

ಹಾಗಾದರೆ ಚರ್ಚು ಬಂಡವಾಳ ಹಾಕಲೇಬಾರದೆ? ಇದಕ್ಕೆ ಒಳ್ಳೆಯ ಉತ್ತರವೊಂದು ನಮ್ಮ ಮಂಗಳೂರಿನಲ್ಲೇ ಇದೆ. 1834ರಲ್ಲಿ ಬಂದ ಬಾಸೆಲ್ ಮಿಷನ್, ಮತಾಂತರವಾದ ಕೂಡಲೇ ಕುಲಕಸುಬನ್ನೂ ಮನೆಯನ್ನೂ ಕಳೆದುಕೊಳ್ಳುತ್ತಿದ್ದ ಜನರನ್ನು ಕಂಡಿತು. ಅವರಿಗೆ ಕಾಣಿಕೆ ಹಣದಿಂದ ಅನ್ನ ಹಾಕುತ್ತ ಹೋಗಬಹುದಿತ್ತು. ಮಿಷನ್ ನೇಯ್ಗೆಯ ಕಾರ್ಖಾನೆ ತೆರೆಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿಯ ಶ್ರಮದಿಂದ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹೆಂಚು ಕರಾವಳಿಯ ಮಾಡುಗಳನ್ನೇರಿ ದೇಶದಾಚೆಗೂ ಹೋಯಿತು. ವ್ಯಾಪಾರಕ್ಕೆಂದು 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪನಿಯೊಂದು ಹುಟ್ಟಿತು. ಅದರ ಬಂಡವಾಳ ಷೇರುದಾರರದು. ಲಾಭದಲ್ಲಿ ಅವರಿಗೆ ಮಿತವಾದ ಪಾಲು, ಉಳಿದದ್ದು ಮಿಷನ್ನಿನ ಕೆಲಸಕ್ಕೆ.

ಇಲ್ಲಿ ಎರಡು ಪಾಠಗಳಿವೆ. ವ್ಯಾಪಾರದ ಅಪಾಯಕ್ಕೆ ಒಡ್ಡಿದ ಹಣ, ಅಪಾಯ ಗೊತ್ತಿದ್ದೇ ಬಂದವರ ಹಣ. ಸೇವೆಗೆಂದು ಬಂದ ಕಾಣಿಕೆಯನ್ನು ಅದರಿಂದ ಬೇರೆಯಾಗಿ ಇಡುವ ಪ್ರಯತ್ನ ಅಲ್ಲಿತ್ತು. ಜೊತೆಗೆ ಆ ಹೂಡಿಕೆ ತಾನೇ ಒಂದು ಸೇವೆಯಾಗಿತ್ತು. ಕಾರ್ಖಾನೆ ಲಾಭ ತರುವ ಮುನ್ನವೇ ಒಬ್ಬ ನೇಕಾರನಿಗೆ ಮಗ್ಗವನ್ನೂ ಒಂದು ಕುಟುಂಬಕ್ಕೆ ಕೂಲಿಯನ್ನೂ ಕೊಟ್ಟಿರುತ್ತಿತ್ತು. ಈ ವ್ಯವಸ್ಥೆಗೂ ಕುಂದುಗಳಿದ್ದವು. ಒಂದೇ ಸಂಸ್ಥೆ ಗುರುವೂ ದಣಿಯೂ ಆದಾಗ ಕೆಲಸಗಾರನಿಗೆ ಉಸಿರುಗಟ್ಟುವುದು ಸಹಜ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಶತ್ರುಪಕ್ಷದ ನಂಟೆಂದು ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು. ಆಸ್ತಿ ಕೈಬಿಟ್ಟರೂ ಜನ ಕಲಿತ ಕಸುಬು ಉಳಿಯಿತು, ಹೆಂಚಿನ ಉದ್ಯಮ ಕರಾವಳಿಯಲ್ಲಿ ಹಬ್ಬಿತು. ಮನುಷ್ಯರಲ್ಲಿ ಹೂಡಿದ ಬಂಡವಾಳವನ್ನು ಯಾವ ಸರ್ಕಾರವೂ ಮುಟ್ಟುಗೋಲು ಹಾಕಿಕೊಳ್ಳಲಾರದು.

ಈಗ ನಮ್ಮ ಊರುಗಳ ಚರ್ಚುಗಳ ಮಾತಿಗೆ ಬರೋಣ. ಭಾರತದ ಕಾನೂನು ಈ ವಿಷಯದಲ್ಲಿ ಅಮೆರಿಕಕ್ಕಿಂತ ವಿವೇಕದಿಂದ ನಡೆದುಕೊಂಡಿದೆ ಎಂಬುದು ನನ್ನ ಅನಿಸಿಕೆ. ಅಲ್ಲಿ ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ಆಸ್ತಿಯ ಸುಮಾರು ಶೇ. 5ರಷ್ಟನ್ನು ಹಂಚಬೇಕು, ಚರ್ಚುಗಳಿಗೆ ಆ ನಿಯಮವೂ ಇಲ್ಲ, ವಾರ್ಷಿಕ ಲೆಕ್ಕ ಸಲ್ಲಿಸುವ ಕಡ್ಡಾಯವೂ ಇಲ್ಲ. ನಮ್ಮಲ್ಲಿ 1961ರ ಆದಾಯ ತೆರಿಗೆ ಕಾಯ್ದೆ, ತೆರಿಗೆ ವಿನಾಯಿತಿ ಬೇಕೆನ್ನುವ ಧಾರ್ಮಿಕ ಮತ್ತು ದತ್ತಿ ಟ್ರಸ್ಟುಗಳು ಆದಾಯದ ಶೇ. 85ನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕೆಂಬ ನಿಯಮ ಹಾಕಿತು. ಅದಕ್ಕಿಂತ ಹೆಚ್ಚು ಉಳಿಸಬೇಕಾದರೆ ಉದ್ದೇಶವನ್ನು ಬರೆದು ತಿಳಿಸಬೇಕು, ಐದು ವರ್ಷದೊಳಗೆ ಬಳಸಬೇಕು. ಹಣ ಇಡಬಹುದಾದ ಜಾಗಗಳೂ ನಿಗದಿಯಾಗಿವೆ. ಬ್ಯಾಂಕ್ ಠೇವಣಿ, ಅಂಚೆ ಉಳಿತಾಯ, ಸರ್ಕಾರಿ ಸಾಲಪತ್ರಗಳು ಅವುಗಳಲ್ಲಿ ಮುಖ್ಯವಾದವು. ದಾನಿಯೇ ಮೂಲನಿಧಿಗೆಂದು ಬರೆದು ಕೊಟ್ಟ ಹಣವನ್ನು ಕಾಯ್ದೆ ಬೇರೆಯಾಗಿ ಎಣಿಸುತ್ತದೆ. ಉದ್ದೇಶ, ಮಿತಿ, ಅವಧಿ, ದಾನಿಯ ಇಚ್ಛೆ ಎಂಬ ನಾಲ್ಕೂ ಇಲ್ಲಿವೆ. ತೆರಿಗೆ ಅಧಿಕಾರಿಗೆ ಹೆದರಿ ಪಾಲಿಸುವುದನ್ನು ಚರ್ಚುಗಳು ಧರ್ಮವೆಂದು ತಿಳಿದು ಪಾಲಿಸಬಹುದು.

ಅದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಆರು ತಿಂಗಳ ಖರ್ಚಿಗಾಗುವಷ್ಟು ತುರ್ತುನಿಧಿ ಇರಲಿ. ಕೋವಿಡ್ ಕಾಲದಲ್ಲಿ ಆರಾಧನೆ ನಿಂತು ಕಾಣಿಕೆ ತಟ್ಟೆ ಖಾಲಿಯಾದಾಗ ಇದರ ಬೆಲೆ ಎಲ್ಲರಿಗೂ ತಿಳಿದಿದೆ. ಸಭಾಪಾಲಕರ ಮತ್ತು ಚರ್ಚಿನ ಕೆಲಸಗಾರರ ಭವಿಷ್ಯನಿಧಿ, ನಿವೃತ್ತಿ ವೇತನಕ್ಕೆ ಎತ್ತಿಡುವ ಹಣ ಹೂಡಿಕೆಯೇ ಅಲ್ಲ, ಅದು ಸಲ್ಲಿಸಬೇಕಾದ ಋಣ. ಸೋರುವ ಮಾಡಿನ ರಿಪೇರಿಗೆ, ಕಟ್ಟಬೇಕಾದ ಶಾಲೆಗೆ ಇಂತಿಷ್ಟು ವರ್ಷ ಎಂದು ಹೇಳಿ ಕೂಡಿಡುವುದೂ ಸರಿ. ಯಾರಾದರೂ ಹಿರಿಯರ ನೆನಪಿಗೆ, ಬಡ್ಡಿಯಿಂದ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡಿ ಎಂದು ದತ್ತಿ ಇಟ್ಟರೆ ಅದನ್ನು ಸುರಕ್ಷಿತವಾಗಿ ತೊಡಗಿಸಲೇಬೇಕು. ಬಡ ಸಭೆಗಳಿಗೆ ಆಸರೆಯಾಗುವ ಶಾಶ್ವತ ನಿಧಿ ಬೇಕಿದ್ದರೆ ಅದೂ ಹೀಗೆಯೇ, ಆ ಕಾರಣ ಹೇಳಿ ಕೇಳಿ ಪಡೆದ ದತ್ತಿಯಿಂದ ಬೆಳೆಯಲಿ. ಭಾನುವಾರದ ತಟ್ಟೆಗೆ ಬಿದ್ದ ದಶಮಾಂಶ ಮಾತ್ರ ಇವೆಲ್ಲ ತುಂಬಿದ ಮೇಲೆ ಆ ವರ್ಷವೇ ಜನರ ಬಳಿಗೆ ಹೋಗಬೇಕು: ಆಸ್ಪತ್ರೆಯ ಬಿಲ್ಲು ಕಟ್ಟಲಾರದವರಿಗೆ, ಓದು ನಿಲ್ಲಿಸುವ ಅಂಚಿನಲ್ಲಿರುವ ಮಕ್ಕಳಿಗೆ, ಪಕ್ಕದ ಊರಿನ ಬಡ ಸಭೆಗೆ, ಯಾವ ಧರ್ಮದವರೇ ಆಗಲಿ ಹಸಿದ ನೆರೆಯವರಿಗೆ.

ಲೆಕ್ಕವೂ ತೆರೆದಿರಬೇಕು. ಅರಸುಗಳ ಎರಡನೆಯ ಪುಸ್ತಕದಲ್ಲಿ ಯೋವಾಷ ಅರಸನ ಕಾಲದ ಒಂದು ಪ್ರಸಂಗವಿದೆ. ದೇವಾಲಯದ ರಿಪೇರಿಗೆಂದು ಯಾಜಕರು ಹಣ ತೆಗೆದುಕೊಳ್ಳುತ್ತಲೇ ಇದ್ದರು, ಅರಸನ 23ನೆಯ ವರ್ಷ ಬಂದರೂ ರಿಪೇರಿ ನಡೆದಿರಲಿಲ್ಲ. ಆಗ ಮುಚ್ಚಳಕ್ಕೆ ತೂತು ಕೊರೆದ ಪೆಟ್ಟಿಗೆಯನ್ನು ಬಲಿಪೀಠದ ಪಕ್ಕದಲ್ಲಿಟ್ಟರು. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಎಣಿಸಿ ನೇರವಾಗಿ ಬಡಗಿ, ಕಲ್ಲುಕುಟಿಗರ ಮೇಲ್ವಿಚಾರಕರ ಕೈಗೆ ಕೊಟ್ಟರು. ಪೌಲನೂ ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ, ಯಾರೂ ಬೆರಳು ತೋರಿಸದಿರಲಿ ಎಂದು. ಗುಟ್ಟಿನ ನಿಧಿಗೆ ಬೈಬಲ್ಲಿನಲ್ಲಿ ಆಧಾರ ಹುಡುಕುವುದು ಕಷ್ಟ.

ಮೋರ್ಮನ್ ಸಭೆ ತನ್ನ ಮಾನವೀಯ ನೆರವನ್ನು ಈಚೆಗೆ ಬಹಳ ಹೆಚ್ಚಿಸಿದೆ. 2024ರಲ್ಲಿ 145 ಕೋಟಿ ಡಾಲರ್ ಕೊಟ್ಟದ್ದಾಗಿ ಅದು ವರದಿ ಮಾಡಿದೆ. ನೆರವು ಪಡೆದವರಿಗೆ ಅದು ಸಣ್ಣದಲ್ಲ, ಅದನ್ನು ಮನಸಾರೆ ಮೆಚ್ಚಬೇಕು. ಆದರೆ ಗುಟ್ಟು ರಟ್ಟಾದ ಮೇಲೆ ಬೆಳೆದ ಈ ಅಂಕಿ ಇನ್ನೊಂದನ್ನೂ ಸೂಚಿಸುತ್ತದೆ. ಜನರ ಕಣ್ಣು ಬಿದ್ದಲ್ಲಿ ಕೈ ಬಿಚ್ಚಲು ಸಾಧ್ಯವಿದೆ. ಆ ಕಣ್ಣು ಕಾಣಿಕೆ ಕೊಡುವವರದ್ದೇ ಆಗಿರಲಿ. ಮುಂದಿನ ಲೆಕ್ಕ ಮಂಡನೆಯ ದಿನ ನಿಮ್ಮ ಚರ್ಚಿನ ಖಜಾಂಚಿ ಠೇವಣಿಯ ಮೊತ್ತ ಓದಿದಾಗ, ಇದು ಯಾವ ಕೆಲಸಕ್ಕೆ, ಎಷ್ಟಾದರೆ ಸಾಕು, ಯಾವ ವರ್ಷ ಖರ್ಚಾಗುತ್ತದೆ ಎಂದು ಎದ್ದು ನಿಂತು ಕೇಳಿ. ಮೂರಕ್ಕೂ ಉತ್ತರ ಬಂದರೆ ಸಂತೋಷದಿಂದ ಒಪ್ಪಿ. ಬರದಿದ್ದರೆ, ಆ ಹಣವನ್ನು ಈ ವರ್ಷವೇ ಸೇವೆಗೆ ಬಿಡುಗಡೆ ಮಾಡಿ ಎಂದು ನಿರ್ಣಯ ಮಂಡಿಸಿ. ದಶಮಾಂಶ ಕೊಡುವಷ್ಟೇ ಪವಿತ್ರವಾದ ಕರ್ತವ್ಯ ಅದು.